ನಲವತ್ತರ ಸೊನ್ನೆ

ಎರಡನೇ ಸಲವೂ ಆ ಕಾರಿನ ಮೀಟರಿನ ಡಯಲ್ ವಾಪಸ್ ಬಂತು. ಮಾವ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದು, ಬಿಸ್ಕತ್ತಿನ ಹಳೆ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

“ಹೊಂದ್ತಾ ಇಲ್ಲವಂತೆ.”

“ಯಾವ ಅಂಕಿ ಮಾವ?”

“ಯಾವ ಅಂಕಿ ಅಂತ ಬಿಡಿಸಿ ಹೇಳೋಕೆ ಆ ಗಿರಾಕಿಯೇನು ಮೇಷ್ಟ್ರಾ? ಹೊಸದು ಹಳೇದಕ್ಕೆ ಹೊಂದ್ತಾ ಇಲ್ಲ ಅಂದ. ಭೂತಗನ್ನಡಿ ಇಟ್ಟು ನೋಡಿದ, ತಲೆ ಅಲ್ಲಾಡಿಸಿದ, ಮತ್ತೆ ಅದನ್ನೇ ಅಂದ. ನಾನು ಸ್ಕೂಟರ್ ಹತ್ತಿ ಬಂದೆ.”

ಡಬ್ಬಿ ತೆರೆದೆ. ಡಯಲಿನ ಎಡಭಾಗದಲ್ಲಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಹಾಗೇ ಇದ್ದವು. ಅವು ಅರವತ್ತು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಒತ್ತಿದ ಅಂಕಿಗಳು. ಬಲಭಾಗ ಮಾತ್ರ ಬರೀ ಕಪ್ಪು. ನಾನು ಬರೆದಿದ್ದ ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತರ ಗುರುತೂ ಇರಲಿಲ್ಲ.

“ಅಲ್ಲೇ ಅವನ ಮನೆ ಗೇಟಿನ ಹತ್ತಿರ ತಿನ್ನರ್ ಹಾಕಿ ಒರೆಸಿಬಿಟ್ಟೆ. ಹೇಗಿದ್ದರೂ ಒರೆಸಲೇಬೇಕಲ್ಲ,” ಎಂದರು ಮಾವ.

ಮೊದಲನೇ ಸಲವೂ ಹಾಗೇ ಮಾಡಿದ್ದರು. ಹೀಗಾಗಿ ಎರಡು ಸಲವೂ ನಾನು ಮಾಡಿದ ತಪ್ಪು ಏನೆಂದು ನೋಡುವುದಕ್ಕೇ ನನಗೆ ಸಿಗಲಿಲ್ಲ. ಉತ್ತರಪತ್ರಿಕೆ ಕೊಡದೆ ಫೇಲಾದೆ ಎಂದು ಮಾತ್ರ ಹೇಳಿದ ಹಾಗೆ.

ನಮ್ಮದು ಹಳೆ ಗಾಡಿಗಳ ಮೀಟರ್ ಅಂಗಡಿ. ವೇಗ ತೋರಿಸುವುದು, ಪೆಟ್ರೋಲ್ ತೋರಿಸುವುದು, ಎಣ್ಣೆಯ ಒತ್ತಡ ತೋರಿಸುವುದು, ಒಟ್ಟಿನಲ್ಲಿ ದುಂಡಗಿದ್ದು ಒಳಗೊಂದು ಮುಳ್ಳಿದ್ದರೆ ಅದು ಇಲ್ಲಿಗೆ ಬರುತ್ತದೆ. ಮಾವ ಎಂದರೆ ನನ್ನ ಅಮ್ಮನ ತಮ್ಮ. ಮೊದಲು ಬಸ್ಸುಗಳ ಮೇಲೆ, ಅಂಗಡಿಗಳ ಬೋರ್ಡಿನ ಮೇಲೆ ಬರೆಯುತ್ತಿದ್ದರಂತೆ. ಈಗ ಮುಳ್ಳು, ಸ್ಪ್ರಿಂಗು, ಹಲ್ಲಿನ ಚಕ್ರಗಳು ಅವರ ಪಾಲು. ಹೊರಗಿನ ರಿಂಗುಗಳನ್ನು ಉಜ್ಜಿ ಹೊಳಪು ಕೊಡುವುದು ಅತ್ತೆಯ ಪಾಲು. ಡಯಲಿನ ಮೇಲೆ ಅಳಿಸಿಹೋದ ಅಕ್ಷರ, ಅಂಕಿ, ಗೆರೆಗಳನ್ನು ಮೊದಲು ಹೇಗಿದ್ದವೋ ಹಾಗೆ ಬರೆಯುವುದು ನನ್ನ ಪಾಲು.

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುತ್ತಿತ್ತು. ನಿಂತೇ ಇರುತ್ತಿದ್ದೆ, ಟೀಚರಿಗೆ ಸಾಕಾಗಿ ಕೂರು ಎನ್ನುವವರೆಗೂ. ಮನೆಯಲ್ಲಿ ಸುಮ್ಮನೆ ಕೂತಿದ್ದವಳನ್ನು ಅಮ್ಮ ರಿಂಗು ಉಜ್ಜಲೆಂದು ಇಲ್ಲಿಗೆ ಕಳಿಸಿದಳು. ಪೇಂಟಿನ ಡಬ್ಬಿಯ ಮುಚ್ಚಳದ ಮೇಲೆ ನಾನು ಹೊತ್ತು ಕಳೆಯಲು ಬರೆದಿದ್ದ ಒಂದು ಏಳನ್ನು ನೋಡಿ ಮಾವ ಕುಂಚ ಕೊಟ್ಟರು. ಅದಾಗಿ ನಾಲ್ಕು ವರ್ಷ. ಕಿಟಕಿ ಪಕ್ಕದ ಈ ಮೇಜಿನಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಮಾತಾಡಿಸಿದರೆ ಕೈ ಅಲುಗುತ್ತದೆ ಎಂದು ಎಲ್ಲರಿಗೂ ಗೊತ್ತು. ನನಗೆ ಬರುವ ಕೆಲಸ ಇದೊಂದೇ, ನಾನು ನಾನಾಗಿ ಕೂರುವ ಜಾಗವೂ ಇದೊಂದೇ.

ಆ ಜಾಗಕ್ಕೇ ಈಗ ಕುತ್ತು ಬಂದಿತ್ತು. ಹೆಲ್ಮೆಟ್ ತೆಗೆದು ಮೊಳೆಗೆ ನೇತುಹಾಕುತ್ತಾ ಮಾವ ಹೇಳಿದರು: “ನೋಡಮ್ಮ, ಇನ್ನೊಂದೇ ಸಲ. ಈ ಸಲವೂ ವಾಪಸ್ ಬಂದರೆ ನನ್ನ ಕೈಲಾಗಲ್ಲ. ಆ ಸ್ಟಿಕ್ಕರ್ ಅಂಗಡಿಯವನು ಯಾವಾಗಿನಿಂದಲೂ ಕೇಳ್ತಿದ್ದಾನೆ. ಕಂಪ್ಯೂಟರಿನಲ್ಲಿ ಅಂಕಿ ಹೊಡೆದು, ಕತ್ತರಿಸಿ, ಅಂಟಿಸಿ ಕೊಡ್ತಾನಂತೆ. ಬರೆಯೋ ಕೆಲಸ ಪೂರ್ತಿ ಅವನಿಗೇ ಕೊಟ್ಟುಬಿಡ್ತೀನಿ. ನೀನು ಅತ್ತೆ ಜೊತೆ ರಿಂಗು ನೋಡಿಕೋ.”

“ಅಯ್ಯೋ, ನನ್ನ ಜೊತೆಗೆ ಬಂದರೆ ಏನು ಶಿಕ್ಷೆ ಅನ್ನೋ ಹಾಗೆ ಹೇಳ್ತೀರಲ್ಲ,” ಎಂದರು ಅತ್ತೆ, ಉಜ್ಜುವ ಚಕ್ರ ನಿಲ್ಲಿಸದೆ.

ಡಬ್ಬಿಯ ಮುಚ್ಚಳ ಮುಚ್ಚಿದೆ, ತೆರೆದೆ.

ಗಿರಾಕಿಯ ಹೆಸರು ರಸೀದಿ ಪುಸ್ತಕದಲ್ಲಿದೆ. ನಾವು ಕರೆಯುವುದು ಭೂತಗನ್ನಡಿ ಎಂದು. ಅತ್ತೆ ಇಟ್ಟ ಹೆಸರು. ಬೇರೆಯವರು ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವ ಕಡೆ ಅವರು ಭೂತಗನ್ನಡಿ ಇಟ್ಟುಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ಒಂದೇ ಕಾರನ್ನು ಜೋಡಿಸುತ್ತಿದ್ದಾರೆ. ಅದರಲ್ಲಿ ಒಂದು ಸ್ಕ್ರೂ ಕೂಡ ಹೊಸದಿರಬಾರದು, ಹೊಸದಿದ್ದರೂ ಹಳೆಯದರ ಹಾಗೆ ಇರಬೇಕು. ಈ ಡಯಲಿಗೆ ಗಾಜಿನ ಸಂದಿಯಿಂದ ನೀರಿಳಿದು ಬಲಗಡೆಯ ಬಿಳಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದುಹೋಗಿತ್ತು. ಮಾವ ಆ ಭಾಗಕ್ಕೆ ಕಪ್ಪು ಹೊಡೆದು ಚೆನ್ನಾಗಿ ಒಣಗಿಸಿ ಕೊಟ್ಟಿದ್ದರು. ಅದರ ಮೇಲೆ ನಾನು ನಾಲ್ಕು ಅಂಕಿ ಬರೆಯಬೇಕು. ಉಳಿದ ನಾಲ್ಕರ ಪಕ್ಕದಲ್ಲಿಟ್ಟರೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯಬಾರದು. ಕೆಲಸ ಇಷ್ಟೇ.

ಕೇಳಲು ಇಷ್ಟೇ. ಆದರೆ ಹಳೆಯ ಅಂಕಿಗಳನ್ನು ಹತ್ತಿರದಿಂದ ನೋಡಿದರೆ ಅವು ನೆಟ್ಟಗಿಲ್ಲ. ಕಾರ್ಖಾನೆಯಲ್ಲಿ ಒತ್ತುವಾಗ ಅಚ್ಚು ಕೂದಲೆಳೆಯಷ್ಟು ತಿರುಗಿರಬೇಕು. ಹತ್ತರಲ್ಲಿ ಸೊನ್ನೆ ಒಂದರ ಜೊತೆ ಸಮವಾಗಿ ನಿಂತಿದೆ. ಇಪ್ಪತ್ತರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಇಳಿದಿದೆ. ಮೂವತ್ತರಲ್ಲಿ ಇನ್ನಷ್ಟು. ನಲವತ್ತಕ್ಕೆ ಬರುವಷ್ಟರಲ್ಲಿ ಸೊನ್ನೆ ನಾಲ್ಕರ ಪಾದ ಬಿಟ್ಟು ಕೆಳಗೆ ಹೋಗಿದೆ, ಅಮ್ಮನ ಕೈ ಹಿಡಿದು ನಡೆಯುತ್ತಾ ಸುಸ್ತಾಗಿ ಜೋತುಬಿದ್ದ ಮಗುವಿನ ಹಾಗೆ. ನಾನು ಟ್ರೇಸಿಂಗ್ ಕಾಗದ ಇಟ್ಟು ಆ ನಾಲ್ಕು ಸೊನ್ನೆಗಳ ಬುಡದಲ್ಲಿ ಒಂದು ಗೆರೆ ಎಳೆದೆ. ಗೆರೆಯನ್ನು ಮುಂದುವರಿಸಿದರೆ ಉಳಿದ ನಾಲ್ಕು ಸೊನ್ನೆ ಎಲ್ಲಿ ನಿಲ್ಲಬೇಕೆಂದು ತಾನಾಗಿ ಗೊತ್ತಾಗುತ್ತಿತ್ತು.

ಮೊದಲನೇ ಸಲ ಆ ಗೆರೆಯ ಮೇಲೆಯೇ ಬರೆದಿದ್ದೆ. ಹೊಂದಿಲ್ಲ ಎಂದರು. ನನ್ನ ಸೊನ್ನೆಗಳು ಸಾಕಷ್ಟು ಇಳಿದಿಲ್ಲವೇನೋ ಎಂದುಕೊಂಡು ಎರಡನೇ ಸಲ ಒಂದಿಷ್ಟು ಕೆಳಗೆ ಬರೆದೆ. ಅದೂ ಹೊಂದಿಲ್ಲ.

ಹಾಗಾದರೆ ಇನ್ನೂ ಕೆಳಗೆ ಇರಬೇಕು. ಬೇರೆ ಏನು ಯೋಚಿಸಲಿ? ಬಣ್ಣ ಸರಿಯಿತ್ತು. ಬಿಳಿಗೆ ಒಂದು ಹನಿ ಹಳದಿ, ಕಡ್ಡಿಯ ತುದಿಯಷ್ಟು ಕಂದು ಸೇರಿಸಿ, ಟ್ಯೂಬ್‌ಲೈಟಿನಲ್ಲೂ ನೋಡಿ ಬಿಸಿಲಿನಲ್ಲೂ ನೋಡಿದ್ದೆ. ಗೆರೆಯ ದಪ್ಪ ಸರಿಯಿತ್ತು. ಅದಕ್ಕಾಗಿ ಕುಂಚದ ಕೂದಲನ್ನು ಬ್ಲೇಡಿನಿಂದ ಕತ್ತರಿಸಿ ಕತ್ತರಿಸಿ ಐದಾರು ಎಳೆ ಮಾತ್ರ ಉಳಿಸಿದ್ದೆ. ಐದರ ಮೇಲಿನ ಬಾವುಟದಂಥ ಅಡ್ಡಗೆರೆ ಕಾರ್ಖಾನೆಯವರು ಒತ್ತುತ್ತಿದ್ದಷ್ಟೇ ಮೋಟು. ಅದೇ ಕಾರಿನ ಇನ್ನೊಂದು ಡಯಲಿನ ಫೋಟೋ ಗೋಡೆಗೆ ಅಂಟಿಸಿಕೊಂಡು ನೋಡಿದ್ದೆ. ಆ ಫೋಟೋದಲ್ಲಿ ಸೊನ್ನೆಗಳು ಇಳಿದಿರುವುದು ಗೊತ್ತಾಗುತ್ತಿತ್ತು, ಎಷ್ಟು ಎಂದು ಅಳೆಯುವಷ್ಟು ಸ್ಪಷ್ಟವಿರಲಿಲ್ಲ.

ಮೂರನೇ ಸಲ ಸೊನ್ನೆಗಳನ್ನು ಮತ್ತೂ ಇಳಿಸಿದೆ. ಬರೆದು ಮುಗಿಸಿ ನೋಡಿದರೆ ನನ್ನ ಕಣ್ಣಿಗೇ ಅತಿಯಾಯಿತು ಅನ್ನಿಸಿತು. ಎಂಬತ್ತರ ಸೊನ್ನೆ ಬಿದ್ದೇಹೋಗುವ ಹಾಗಿತ್ತು. ನನ್ನ ಕಣ್ಣನ್ನು ನಂಬಲೋ ಗಿರಾಕಿಯ ಮಾತನ್ನು ನಂಬಲೋ ತಿಳಿಯದೆ ತಲೆ ಚಿಟ್ಟು ಹಿಡಿಯಿತು. ಎರಡು ಸಲ ಬೇಡ ಅಂದಿದ್ದು ಗಿರಾಕಿ, ನನ್ನ ಕಣ್ಣಲ್ಲ. ಹಲ್ಲು ಕಚ್ಚಿಕೊಂಡು ಹಾಗೇ ಬಿಟ್ಟೆ.

ಬರೆದ ಡಯಲನ್ನು ಧೂಳು ಕೂರದ ಹಾಗೆ ಒಣಗಿಸಲು ಮಾವನ ಒಳಕೋಣೆಯಲ್ಲಿ ಗಾಜಿನ ಬೀರು ಇದೆ. ಎಂದಿನಂತೆ ಅಲ್ಲಿಟ್ಟು ಬಂದೆ. ಎರಡು ದಿನ ಬಿಟ್ಟು ಮಾವ ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಹೋದರು. ಗಿರಾಕಿ ಮನೆಯಲ್ಲಿರಲಿಲ್ಲವಂತೆ, ಗೇಟಿನವನ ಕೈಗೆ ಕೊಟ್ಟು ಬಂದರಂತೆ. ಬಂದವರೇ ಊಟ ಮಾಡಿ, ರಿಂಗುಗಳ ಚೀಲ ತೆಗೆದುಕೊಂಡು ಕ್ರೋಮ್ ಹಾಕಿಸಲು ಮತ್ತೆ ಹೊರಟರು. ಹೀಗಾಗಿ ಮಧ್ಯಾಹ್ನ ಭೂತಗನ್ನಡಿ ತಾವೇ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಾಗ ಅಂಗಡಿಯಲ್ಲಿ ನಾನು, ಅತ್ತೆ ಇಬ್ಬರೇ.

ನಾನು ಅವರನ್ನು ನೋಡಿದ್ದು ಅದೇ ಮೊದಲು. ಉದ್ದನೆಯ ಆಳು, ಇಸ್ತ್ರಿ ಮಾಡಿದ ಅಂಗಿ. ಉಗುರಿನ ಸಂದಿಯಲ್ಲಿ ಮಾತ್ರ ಗ್ರೀಸು.

“ಮೇಸ್ತ್ರಿ ಇಲ್ವಾ?”

“ಕ್ರೋಮಿನವನ ಹತ್ತಿರ ಹೋಗಿದ್ದಾರೆ. ಸಂಜೆ ಬರ್ತಾರೆ,” ಎಂದರು ಅತ್ತೆ. “ಕೂತ್ಕೊಳ್ಳಿ.”

ಅವರು ಕೂರಲಿಲ್ಲ. “ಬರೆಯೋರು ಯಾರು ಇಲ್ಲಿ?”

ಅತ್ತೆ ನನ್ನ ಕಡೆ ಗಲ್ಲ ತೋರಿಸಿದರು. ನಾನು ಎದ್ದು ನಿಂತೆ. ಅವರು ಬಂದು ಡಬ್ಬಿ ತೆರೆದು, ಡಯಲನ್ನು ನನ್ನ ಮುಂದಿಟ್ಟು, ಜೇಬಿನ ಭೂತಗನ್ನಡಿಯನ್ನೂ ಪಕ್ಕದಲ್ಲಿಟ್ಟರು. ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

“ಏನಮ್ಮ, ಅಳಿಸಿಹೋಗಿದ್ದನ್ನ ಬರೀ ಅಂತ ಕೊಟ್ಟರೆ ಇದ್ದದ್ದನ್ನೂ ಅಳಿಸಿಬಿಟ್ಟೆಯಲ್ಲ. ಈ ನಲವತ್ತರ ಅಂಕಿ ಅರವತ್ತು ವರ್ಷ ಹೇಗೋ ಉಳಿದುಕೊಂಡು ಬಂದಿತ್ತು.”

ಕನ್ನಡಿ ಹಿಡಿದು ಬಗ್ಗಿದೆ.

ನಲವತ್ತರ ಸೊನ್ನೆ ನಾಲ್ಕರ ಜೊತೆ ಸಮವಾಗಿ, ಶಾಲೆಯ ಸಾಲಿನಲ್ಲಿ ನಿಂತ ಹಾಗೆ ನಿಂತಿತ್ತು. ಅದರ ಹಳೆಯ ಬುಡದ ಮೇಲೆ ಕಪ್ಪು ಮೆತ್ತಿ, ನೆತ್ತಿಯ ಮೇಲೆ ಹೊಸ ಬಿಳಿ ಏರಿಸಲಾಗಿತ್ತು. ಮೂವತ್ತರ ಸೊನ್ನೆಗೂ ಹಾಗೇ ಆಗಿತ್ತು, ಸ್ವಲ್ಪ ಕಡಿಮೆ. ಐವತ್ತರಿಂದ ಮುಂದೆ ನಾನು ಬೀಳುವ ಹಾಗೆ ಬರೆದಿದ್ದ ನಾಲ್ಕು ಸೊನ್ನೆಗಳೂ ಮೇಲೆದ್ದು ನೆಟ್ಟಗೆ ಕೂತಿದ್ದವು. ನಾನು ಸೊನ್ನೆಯನ್ನು ನೆತ್ತಿಯಿಂದ ಶುರುಮಾಡಿ ನೆತ್ತಿಯಲ್ಲೇ ಮುಚ್ಚುತ್ತೇನೆ. ಇವು ಬಲಗಡೆ ಭುಜದಲ್ಲಿ ಮುಚ್ಚಿದ್ದವು, ಅಲ್ಲೊಂದು ಸಣ್ಣ ಗಂಟು. ನಿಂತು ಬಸ್ಸಿನ ಮೇಲೆ ಬರೆದವರ ಕೈ ಅದು. ನಮ್ಮ ಅಂಗಡಿಯ ಬೋರ್ಡಿನ ಮೇಲಿನ ಫೋನ್ ನಂಬರಿನಲ್ಲಿ ಅಂಥ ನಾಲ್ಕು ಸೊನ್ನೆಗಳಿವೆ, ದಿನಾ ಅದರ ಕೆಳಗೇ ಹಾದು ಬರುತ್ತೇನೆ.

ನಾನಲ್ಲ ಎಂದು ಹೇಳಬೇಕು. ಒಂದೇ ಮಾತು. ಆದರೆ ಆಮೇಲೆ “ಮತ್ತೆ ಯಾರು?” ಎನ್ನುತ್ತಾರೆ. ಅದಕ್ಕೂ ಉತ್ತರ ಹೇಳಬೇಕು. ಎಂಟನೇ ಕ್ಲಾಸಿನಲ್ಲಿ ನಿಂತ ಹಾಗೆ ನಿಂತೆ.

ನನ್ನ ಮೌನವನ್ನು ಅವರು ಒಪ್ಪಿಗೆ ಎಂದುಕೊಂಡರು. ತಪ್ಪೇನಿಲ್ಲ, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. “ನಾಳೆ ಹತ್ತು ಗಂಟೆಗೆ ಬರ್ತೀನಿ. ಮೇಸ್ತ್ರಿ ಕಣ್ಣಾರೆ ನೋಡಲಿ ಅಂತ ಬಿಟ್ಟು ಹೋಗ್ತಿದ್ದೀನಿ. ಅವರ ಹತ್ತಿರ ಮಾತಾಡಿ ಡಯಲನ್ನ ವಾಪಸ್ ತಗೊಂಡು ಹೋಗ್ತೀನಿ,” ಎಂದು ಹೊರಟರು. ಬಾಗಿಲಲ್ಲಿ ತಿರುಗಿ, “ಸೊನ್ನೆ ಕೆಳಗಿದ್ದದ್ದು ನಿನಗೆ ಕಾಣಲೇ ಇಲ್ವಾ?” ಎಂದು ಕೇಳಿದರು. ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು.

ಹದಿನೈದು ದಿನದಿಂದ ನಾನು ಅದೊಂದನ್ನೇ ನೋಡುತ್ತಿದ್ದೆ. ಕನಸಿನಲ್ಲೂ ಸೊನ್ನೆ ಜಾರುತ್ತಿತ್ತು.

ಅವರು ಹೋದ ಮೇಲೆ ಅತ್ತೆ ಚಕ್ರ ನಿಲ್ಲಿಸಿ ಬಂದರು. “ಏನೇ ಮೌನಗೌರಿ, ಅಷ್ಟೊಂದು ಅಂದರೂ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೀಯಲ್ಲ. ನೀನೇ ಮಾಡಿದ್ದಾ?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಡಯಲನ್ನು ಅವರ ಕಡೆ ತಿರುಗಿಸಿ, ಸೊನ್ನೆಯ ಭುಜದ ಮೇಲಿನ ಗಂಟನ್ನು ಕಡ್ಡಿಯಿಂದ ತೋರಿಸಿದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ ಒಳಕೋಣೆಯ ಕಡೆ ನೋಡಿ, “ಬರಲಿ ಇವರು,” ಎಂದರು.

ಸಂಜೆ ಮಾವ ಬಂದು ಚೀಲ ಇಳಿಸುವಷ್ಟರಲ್ಲೇ ಅತ್ತೆ ನಡೆದದ್ದೆಲ್ಲ ಹೇಳಿಬಿಟ್ಟರು. ಕೇಳುವ ಕೆಲಸ ಮಾತ್ರ ನನಗೆ ಬಿಟ್ಟರು. ಎಷ್ಟೋ ಹೊತ್ತಿನಿಂದ ಬಾಯಲ್ಲೇ ಜೋಡಿಸಿಟ್ಟುಕೊಂಡಿದ್ದೆ.

“ಮಾವ, ನಲವತ್ತರ ಸೊನ್ನೆ ನೀವು ಮುಟ್ಟಿದ್ರಾ?”

“ಮುಟ್ಟಿದೆ. ಮತ್ತೇನು ಮಾಡಲಿ?” ಅವರ ಮುಖದಲ್ಲಿ ಅಳುಕೇ ಇರಲಿಲ್ಲ. “ಹೊಸದು ಹಳೇದಕ್ಕೆ ಹೊಂದಲ್ಲ, ಹೊಂದಲ್ಲ ಅಂತ ಪ್ರಾಣ ತಿಂದ. ಹೊಸದನ್ನ ಎಷ್ಟು ಅಂತ ಸರಿ ಮಾಡೋದು. ಹಳೇದನ್ನೇ ಹೊಸದಕ್ಕೆ ಹೊಂದಿಸಿದೆ. ಕೆರೆದರೆ ಬರಲಿಲ್ಲ, ಗಟ್ಟಿ ಬಣ್ಣ. ಅದಕ್ಕೆ ಕಪ್ಪು ಹಚ್ಚಿ ಮೇಲೆ ಎತ್ತಿದೆ.”

“ಹೊಸದನ್ನೂ ನೀವು...”

“ನೀನು ಸೊನ್ನೆಗಳನ್ನ ಜಾರಿಸ್ತಾ ಇದ್ದೆಯಮ್ಮ. ಮೊದಲನೇ ಸಲ ಸ್ವಲ್ಪ, ಎರಡನೇ ಸಲ ಜಾಸ್ತಿ, ಈ ಸಲವಂತೂ ಕೇಳಲೇಬೇಡ. ಪಾಪ, ಕಣ್ಣು ದಣಿದಿದೆ ಹುಡುಗಿಗೆ ಅಂತ ನಾನೇ ಬೀರುವಿನಿಂದ ತೆಗೆದು ಎತ್ತಿ ಕೂರಿಸ್ತಿದ್ದೆ. ಹೇಳಿದರೆ ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ.”

ಅತ್ತೆ ನಕ್ಕುಬಿಟ್ಟರು. “ಅಲ್ರೀ, ಅವಳು ಇಳಿಸೋದು, ನೀವು ಏರಿಸೋದು. ಬಾವಿ ಹಗ್ಗಾನಾ ಅದು?”

ನನಗೆ ನಗು ಬರಲಿಲ್ಲ. ಭೂತಗನ್ನಡಿ ಬೇಡ ಎಂದದ್ದು ನನ್ನ ಅಂಕಿಗಳನ್ನಲ್ಲ. ನನ್ನ ಅಂಕಿಗಳನ್ನು ಅವರು ಒಂದು ಸಲವೂ ನೋಡಿಯೇ ಇರಲಿಲ್ಲ. ನೋಡದ ಅವರಿಗಾಗಿ ನಾನು ಸರಿಯಿದ್ದದ್ದನ್ನು ಕೆಡಿಸುತ್ತಾ ಕೆಡಿಸುತ್ತಾ ಬಂದಿದ್ದೆ.

“ಬೇರೆ ಡಯಲ್‌ಗಳನ್ನೂ ಹೀಗೇ ಮಾಡ್ತಿದ್ರಾ?”

“ಎಲ್ಲಾ ಇಲ್ಲ. ಬೇಕಾದ ಕಡೆ.”

“ಆ ಜೀಪಿನದು?”

“ಅದರ ಎಂಟರ ಹೊಟ್ಟೆ ಒಂದು ಕಡೆ ಊದಿತ್ತು. ಸ್ವಲ್ಪ ತೀಡಿದೆ.”

“ಸಣ್ಣ ಬೈಕಿನ ಮೀಟರ್?”

“ಅದರಲ್ಲಿ ಬರೀ ಎರಡು ಗೆರೆ. ಏನಿವಾಗ? ನಾಲ್ಕು ವರ್ಷದಿಂದ ಯಾರಾದರೂ ಒಬ್ಬ ಗಿರಾಕಿ ದೂರು ತಂದಿದ್ದಾನಾ?”

ಜೀಪಿನ ಎಂಟರ ಹೊಟ್ಟೆ ಊದಿದ್ದು ನನಗೆ ಗೊತ್ತು. ಆ ಜೀಪಿನ ಎಲ್ಲಾ ಎಂಟುಗಳೂ ಹಾಗೇ ಇದ್ದವು. ಎರಡು ದಿನ ಕೂತು ಆ ಊತವನ್ನು ಬರೆದಿದ್ದೆ. ನನ್ನ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾಗಿದ್ದು ಅದೇ. ಅದು ಹೊರಗೆ ಹೋದದ್ದು ನನ್ನದಾಗಿ ಅಲ್ಲ ಎಂದು ಇವತ್ತು ತಿಳಿಯಿತು. ಇನ್ನೂ ಯಾವ್ಯಾವುದೋ. ಕೇಳುತ್ತಾ ಹೋದರೆ ನನ್ನದು ಎಂದು ಒಂದೂ ಉಳಿಯುವುದಿಲ್ಲ ಅನ್ನಿಸಿ ನಿಲ್ಲಿಸಿದೆ.

“ಮಾವ, ಅದು ಸೊಟ್ಟ ಇದ್ದದ್ದೇ ಸರಿ. ಕಾರ್ಖಾನೆಯಲ್ಲೇ ಹಾಗಿತ್ತು.”

“ಸೊಟ್ಟ ಇರೋದು ಹೇಗಮ್ಮ ಸರಿ ಆಗತ್ತೆ? ಕಾರ್ಖಾನೆಯವನು ಕುಡಿದು ಒತ್ತಿದರೆ ನಾವೂ ಕುಡಿದು ಬರೀಬೇಕಾ? ಸೊಟ್ಟ ಅಂಕಿ ಹೊರಗೆ ಹೋದರೆ ಜನ ಕಾರ್ಖಾನೆ ಹೆಸರು ಹೇಳ್ತಾರೋ ನನ್ನ ಹೆಸರೋ? ನಾನು ಬರೆದ ಬಸ್ಸುಗಳನ್ನ ನೂರು ಅಡಿ ದೂರದಿಂದ ಓದ್ತಿದ್ದರು.”

ಗೋಡೆಯ ಫೋಟೋ ತೋರಿಸಿದೆ. “ಕ್ಯಾಮೆರಾ ಸೊಟ್ಟ ಹಿಡಿದಿದ್ದಾನೆ,” ಎಂದರು. ಟ್ರೇಸಿಂಗ್ ಕಾಗದ ತೋರಿಸಿದೆ. “ಕಾಗದ ಜರುಗಿದೆ,” ಎಂದರು. ಡಯಲನ್ನೇ ತೋರಿಸೋಣವೆಂದರೆ ಅದರ ಮೇಲೆ ಅವರದೇ ಸೊನ್ನೆಗಳು ನೆಟ್ಟಗೆ ಕೂತಿದ್ದವು.

ಕೊನೆಗೆ ಮಾವ ಎದ್ದರು. “ಬಿಡು. ನಾಳೆ ಬರಲಿ, ಹುಡುಗಿ ಕೈ ತಪ್ಪಿತು ಅಂತ ಹೇಳಿ ಕೊಟ್ಟುಬಿಡ್ತೀನಿ. ನಿನಗೇನು, ನೀನು ಒಳಗಿರ್ತೀಯ, ನಿನ್ನ ಮುಖಾನೂ ಅವನು ಮತ್ತೆ ನೋಡಲ್ಲ. ಇನ್ನು ಈ ಬರೆಯೋ ರಗಳೆನೇ ಬೇಡ. ಸ್ಟಿಕ್ಕರಿನವನಿಗೆ ನಾಳೆ ಸಂಜೆ ಬಾ ಅಂತೀನಿ.”

ಅವರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳಕ್ಕೆ ಒಂದು ತುದಿಯಾದರೂ ಸಿಗುತ್ತಿತ್ತು. ಪ್ರೀತಿಯಿಂದಲೇ ನನ್ನ ತಪ್ಪುಗಳನ್ನು ತಿದ್ದಿದವರು. ಅವು ತಪ್ಪುಗಳೇ ಅಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ಬೆಳಿಗ್ಗೆ ಆರೂವರೆಗೆ ಅಂಗಡಿಯ ಬಾಗಿಲು ತೆಗೆದೆ. ಬೀಗದ ಕೈ ಅತ್ತೆಯೇ ಕೊಟ್ಟರು, ಏಕೆ ಎಂದು ಕೇಳಲಿಲ್ಲ. ಕಿಟಕಿಯ ಬೆಳಕು ಮೇಜಿಗೆ ಬರುವವರೆಗೆ ಬೆಂಕಿಕಡ್ಡಿಗಳ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ನಾರಿನಂತೆ ಮೆತ್ತಗೆ ಮಾಡಿಕೊಂಡೆ. ತಿನ್ನರಿನಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ಬರೀ ವಾಸನೆ ಉಳಿದಿರುವಾಗ ನಲವತ್ತರ ಸೊನ್ನೆಯ ಬುಡಕ್ಕೆ ಮುಟ್ಟಿಸಿದೆ. ಜಾಸ್ತಿಯಾದರೆ ಹಳೆಯ ಬಿಳಿಯೂ ಹೋಗುತ್ತದೆ. ಕಡಿಮೆಯಾದರೆ ಮಾವನ ಕಪ್ಪು ಜಗ್ಗುವುದಿಲ್ಲ. ಒಂದು ಕಡ್ಡಿಗೆ ಎರಡೇ ಸಲ ಉಜ್ಜುವುದು, ಬಿಸಾಡುವುದು, ಇನ್ನೊಂದು ತೆಗೆದುಕೊಳ್ಳುವುದು. ಹದಿನಾರನೇ ಕಡ್ಡಿಗೆ ಕಪ್ಪು ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಎದ್ದಿತು. ಅದರ ಕೆಳಗೆ ಹಳದಿ ತಿರುಗಿದ ಹಳೆಯ ಬಿಳಿ. ಸೊನ್ನೆ ತನ್ನ ಜಾಗದಲ್ಲೇ ಇತ್ತು, ಇಳಿದು, ಜೋತುಬಿದ್ದು. ಮಾವ ಕೆರೆದು ನೋಡಿದ ಕಡೆ ಒಂದು ಗೀರು ಉಳಿದಿತ್ತು. ಅದನ್ನು ತುಂಬಲಿಲ್ಲ. ಅದು ಆದದ್ದು ನಿಜ, ಇರಲಿ.

ಮೂವತ್ತಕ್ಕೆ ಒಂಬತ್ತು ಕಡ್ಡಿ ಸಾಕಾಯಿತು.

ಆಮೇಲೆ ಬಲಗಡೆಯ ನಾಲ್ಕನ್ನೂ ಒರೆಸಿದೆ. ಮೊದಲನೇ ಸಲ ಎಳೆದ ಗೆರೆಯ ಟ್ರೇಸಿಂಗ್ ಕಾಗದ ತೆಗೆದು ಇಟ್ಟು, ಆ ಗೆರೆಯ ಮೇಲೆಯೇ, ಒಂದಿಷ್ಟೂ ಕೆಳಗಿಲ್ಲದೆ ಒಂದಿಷ್ಟೂ ಮೇಲಿಲ್ಲದೆ ಬರೆದೆ. ಐವತ್ತು. ಅರವತ್ತು. ಹೊರಗೆ ಬೇರೆ ಅಂಗಡಿಗಳ ಶಟರು ಏಳುವ ಸದ್ದು ಕೇಳಿ ಎರಡು ಸಲ ಕೈ ನಿಂತಿತು. ಎಂಬತ್ತರ ಸೊನ್ನೆಯನ್ನು ನೆತ್ತಿಯಲ್ಲಿ ಮುಚ್ಚುವಾಗ ಒಂಬತ್ತೂಕಾಲು.

ಮಾವ ಬಂದು ಹಿಂದೆ ನಿಂತದ್ದು ಉಸಿರಿನಿಂದ ಗೊತ್ತಾಯಿತು. ಬಹಳ ಹೊತ್ತು ನೋಡಿದರು.

“ಮತ್ತೆ ಜಾರಿಸಿದ್ದೀಯ.”

ನಾನು ಕುಂಚದ ತುದಿಯನ್ನು ಬಟ್ಟೆಗೆ ಒರೆಸಿದೆ.

“ಕೊಡು ಇಲ್ಲಿ, ಆ ಎಪ್ಪತ್ತನ್ನಾದರೂ ಸ್ವಲ್ಪ...” ಅವರ ಕೈ ನನ್ನ ಕುಂಚದ ಕಡೆ ಬಂತು.

ಡಯಲಿನ ಮೇಲೆ ಎರಡು ಬೆರಳೆತ್ತರದಲ್ಲಿ ನನ್ನ ಅಂಗೈ ಅಡ್ಡ ಇಟ್ಟೆ. ಹಾಗೆ ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. “ಹಸಿ ಇದೆ,” ಎಂದೆ. ಅವರ ಕೈ ನನ್ನ ಕೈಯ ಮೇಲೆ ಬಂದು ನಿಂತಿತು. ಅವರು ಹಿಂದೆ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅತ್ತೆ ಒಳಗಿನಿಂದ ಕಾಫಿಗೆ ಕರೆದದ್ದರಿಂದ ಅದು ಅಲ್ಲಿಗೆ ಮುಗಿಯಿತು. ನಾನು ಕಾಫಿಗೆ ಹೋಗಲಿಲ್ಲ. ಅಂಗೈ ಅಡ್ಡ ಹಿಡಿದುಕೊಂಡೇ ಹತ್ತು ಗಂಟೆಯವರೆಗೆ ಕೂತೆ, ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ.

ಭೂತಗನ್ನಡಿ ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಮಾವ ಬಾಗಿಲಿಗೇ ಹೋಗಿ ಕೈ ಮುಗಿದರು. “ಬನ್ನಿ ಸಾರ್. ತಪ್ಪಾಯ್ತು. ಚಿಕ್ಕ ಹುಡುಗಿ, ಕೈ ತಪ್ಪಿ ಹಳೇದರ ಮೇಲೂ...”

“ನಲವತ್ತನ್ನ ನಾನು ಮುಟ್ಟಿರಲಿಲ್ಲ,” ಎಂದೆ.

ದನಿ ಗಟ್ಟಿಯಾಗಿರಲಿಲ್ಲ. ಆದರೆ ಅತ್ತೆ ಅಷ್ಟರಲ್ಲಿ ಚಕ್ರ ನಿಲ್ಲಿಸಿದ್ದರಿಂದ ಎಲ್ಲರಿಗೂ ಕೇಳಿಸಿತು. ಮಾವ ತಿರುಗಿ ನೋಡಿದರು. ಇನ್ನೂ ಒಂದು ವಾಕ್ಯ ಉಳಿದಿತ್ತು. ಅದು ಹೊರಗೆ ಬರದಿದ್ದರೆ ಮೊದಲನೆಯದೂ ಸುಳ್ಳಾಗುತ್ತಿತ್ತು.

“ಇವತ್ತಿನದು ಮಾತ್ರ ನಾನು ಬರೆದದ್ದು. ಬೇರೆ ಯಾರೂ ಕೈ ಹಾಕಿಲ್ಲ. ನೋಡಿ.”

ಭೂತಗನ್ನಡಿ ಮಾವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಂದು ಬಗ್ಗಿದರು. ಹತ್ತರಿಂದ ಶುರುಮಾಡಿ ಒಂದೊಂದೇ ಅಂಕಿಯ ಮೇಲೆ ಕನ್ನಡಿ ಸರಿಸಿದರು. ನಲವತ್ತರ ಮೇಲೆ ಬಹಳ ಹೊತ್ತು ನಿಂತರು.

“ಇಲ್ಲೊಂದು ಗೀರು ಇದೆ.”

“ಅದು ನಾನು ಕೆರೆದದ್ದು,” ಎಂದರು ಮಾವ, ಅಲ್ಲೇ ಬಾಗಿಲಲ್ಲಿ ನಿಂತು. ಹೇಳಿದ ಮೇಲೆ ಗಂಟಲು ಸರಿಮಾಡಿಕೊಂಡರು. “ಸೊನ್ನೆಗಳನ್ನ ನೆಟ್ಟಗೆ ಮಾಡ್ತಿದ್ದದ್ದು ನಾನೇ ಸಾರ್. ಮೂರು ಸಲವೂ.”

“ಯಾಕೆ?”

“ಸೊಟ್ಟ ಇದ್ದವು.”

“ನನಗೆ ಬೇಕಾಗಿದ್ದದ್ದೇ ಅದು ಮೇಸ್ತ್ರಿ.”

“ಹಾಗಂತ ನೀವು ಹೇಳಲಿಲ್ಲ. ಹೊಂದಲ್ಲ ಅಂದ್ರಿ ಅಷ್ಟೇ. ಸೊಟ್ಟ ಬೇಕು ಅಂತ ಬಾಯಿ ಬಿಟ್ಟು ಕೇಳಿದ ಗಿರಾಕಿಯನ್ನ ನಾನು ಮೂವತ್ತು ವರ್ಷದಲ್ಲಿ ನೋಡಿಲ್ಲ.”

ಭೂತಗನ್ನಡಿ ಮತ್ತೆ ಬಗ್ಗಿದರು. ಐವತ್ತು, ಅರವತ್ತು ದಾಟಿ ಎಪ್ಪತ್ತಕ್ಕೆ ಬಂದು, ಮತ್ತೆ ನಲವತ್ತಕ್ಕೆ ಹೋಗಿ, ಮತ್ತೆ ಎಪ್ಪತ್ತಕ್ಕೆ ಬಂದರು. “ಎಪ್ಪತ್ತು ಸ್ವಲ್ಪ ಹೊಳೀತಿದೆ.”

“ಹಸಿ ಇದೆ. ಒಣಗಿದ ಮೇಲೆ ಮಂಕಾಗತ್ತೆ,” ಎಂದೆ.

ಅವರು ನೆಟ್ಟಗಾಗಿ ಕನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಚೆನ್ನಾಗಿದೆ ಎನ್ನಲಿಲ್ಲ. “ನಾಲ್ಕು ದಿನ ಬಿಟ್ಟು ಬರ್ತೀನಿ. ಒಳಗಿನ ಬೀರುವಿನಲ್ಲಿ ಬೇಡ, ಇಲ್ಲೇ ನಿನ್ನ ಮೇಜಿನ ಮೇಲೆ ಮುಚ್ಚಿಡು. ನೀನೇ ನನ್ನ ಕೈಗೆ ಕೊಡಬೇಕು.” ಮಾವನ ಕಡೆ ನೋಡದೆ ಹೊರಟುಹೋದರು.

ಅದು ಮಾವನಿಗೆ ತಾಗಿತು. ತಾಗಬೇಕಾದ್ದೇ ಎಂದುಕೊಂಡೆ. ಆದರೆ ಅವರು ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಾಗ ನನಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ. ಹದಿನೈದು ದಿನ ಇಬ್ಬರೂ ಕಣ್ಣು ಕಳೆದುಕೊಂಡು ಒಬ್ಬರ ಕೆಲಸವನ್ನೊಬ್ಬರು ಕೆಡಿಸಿಕೊಂಡಿದ್ದೆವು. ಮೊದಲನೇ ದಿನವೇ ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಮೊದಲನೇ ಡಯಲೇ ಕಾರಿನೊಳಗೆ ಕೂತಿರುತ್ತಿತ್ತು. ಬಾಯಿ ಬಿಡದವರಲ್ಲಿ ನಾನೂ ಒಬ್ಬಳು.

ಸಂಜೆ ಸ್ಟಿಕ್ಕರ್ ಅಂಗಡಿಯವನು ಮಾದರಿಗಳ ಪುಸ್ತಕ ಹಿಡಿದುಕೊಂಡು ಬಂದ. ಅದರಲ್ಲಿ ಅಂಕಿಗಳೆಲ್ಲ ಒಂದೇ ಎತ್ತರ, ಒಂದೇ ದಪ್ಪ, ಒಂದೇ ಸಾಲು. ಮಾವ ಹಾಳೆ ತಿರುವಿ ತಿರುವಿ ನೋಡಿದರು. ಅವರಿಗೆ ಇಷ್ಟವಾಗುವಂಥವೇ. ನಾನು ಕುಂಚ ತೊಳೆಯುತ್ತಾ ಕಿವಿಯೆಲ್ಲ ಅಲ್ಲೇ ಇಟ್ಟಿದ್ದೆ.

“ಸದ್ಯಕ್ಕೆ ಬೇಡಪ್ಪ,” ಎಂದರು.

“ಯಾಕಣ್ಣ, ನೀವೇ ಬಾ ಅಂದಿರಲ್ಲ. ಎಷ್ಟು ನೀಟಾಗಿವೆ ನೋಡಿ.”

“ನೀಟಾಗಿವೆ. ಅದಕ್ಕೇ ಬೇಡ ಅಂದೆ.”

ಮೂರು ದಿನ ಮಾವ ನನ್ನ ಜೊತೆ ಮಾತಾಡಲಿಲ್ಲ. ಹೇಳುವುದಿದ್ದರೆ ಅತ್ತೆಯ ಮೂಲಕ ಹೇಳಿಸುತ್ತಿದ್ದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದರೂ, “ಅವಳಿಗೆ ಹೇಳು, ತಿನ್ನರ್ ಮುಚ್ಚಳ ಸರಿಯಾಗಿ ಹಾಕಲಿ,” ಎನ್ನುತ್ತಿದ್ದರು. ಅತ್ತೆ, “ಕೇಳಿಸ್ತಲ್ಲ, ನನ್ನ ಕೂಲಿ ಕೊಡು,” ಎನ್ನುತ್ತಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮೇಜಿನ ಮೇಲೆ, ಮುಚ್ಚಿಟ್ಟಿದ್ದ ಭೂತಗನ್ನಡಿಯ ಡಯಲಿನ ಪಕ್ಕ, ಹೊಸ ಕೆಲಸ ಇತ್ತು. ಹಳೆ ಬೈಕೊಂದರ ಡಯಲ್. ಅರ್ಧ ಅಂಕಿಗಳು ಬಿಸಿಲಿಗೆ ಹಾರಿಹೋಗಿದ್ದವು. ಅತ್ತೆ ಬಂದು ಹೇಳಿದರು: “ಇದರ ಮೂರುಗಳು ಸೊಟ್ಟ ಇವೆಯಂತೆ. ಹಾಗೇ ಸೊಟ್ಟಗೇ ಬರೀಬೇಕಂತೆ. ನಿನ್ನೆ ಎರಡು ಗಂಟೆ ಕೂತು ನೋಡಿದ್ದಾರೆ. ಕಾಗದದ ಮೇಲೆ ಎಷ್ಟು ಸೊಟ್ಟ ಅಂತ ಬರೆದೂ ಇಟ್ಟಿದ್ದಾರೆ ನೋಡು.”

ಕಾಗದ ನೋಡಿದೆ. ಮಾವ ಮೂರನ್ನು ಬಹಳ ಶ್ರಮಪಟ್ಟು ಒಂದು ಕಡೆಗೆ ವಾಲಿಸಿ ಬರೆದಿದ್ದರು. ನೆಟ್ಟಗೆ ಬರೆಯುವ ಕೈಯಿಂದ ಅಷ್ಟು ವಾಲಿಸುವುದು ಸುಲಭವಲ್ಲ, ಮೂರು ನಾಲ್ಕು ಕಡೆ ಅಳಿಸಿ ಬರೆದ ಗುರುತಿತ್ತು. ಅಂಗಡಿಯ ಕನ್ನಡಿ ತೆಗೆದುಕೊಂಡು ಡಯಲಿನ ಮೇಲೆ ಬಗ್ಗಿದೆ. ಅಳಿಯದೆ ಉಳಿದಿದ್ದ ಮೂರುಗಳನ್ನು ಮೇಲಿನಿಂದ ನೋಡಿದೆ, ಪಕ್ಕದಿಂದ ನೋಡಿದೆ, ಕಾಗದ ಇಟ್ಟು ಗೆರೆ ಎಳೆದು ನೋಡಿದೆ. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅವು ನೂಲು ಹಿಡಿದ ಹಾಗೆ ನೆಟ್ಟಗಿದ್ದವು.

ಅತ್ತೆಯ ಕೈಯಲ್ಲಿ ಹೇಳಿಕಳಿಸಬಹುದಿತ್ತು. ಅವರು ಆಗಲೇ ಚಕ್ರ ತಿರುಗಿಸಲು ಕೂತಿದ್ದರು. ಡಯಲನ್ನೂ ಕನ್ನಡಿಯನ್ನೂ ಎತ್ತಿಕೊಂಡು ಒಳಕೋಣೆಯ ಬಾಗಿಲಿಗೆ ಹೋದೆ. ಮಾವ ಮುಳ್ಳೊಂದನ್ನು ಇಕ್ಕಳದಲ್ಲಿ ಹಿಡಿದಿದ್ದರು. ತಲೆ ಎತ್ತಲಿಲ್ಲ.

“ಮಾವ, ಈ ಮೂರುಗಳು ನೆಟ್ಟಗೇ ಇವೆ,” ಎಂದೆ.

ಅವರು ಮುಳ್ಳನ್ನು ಮೆಲ್ಲಗೆ ಕೆಳಗಿಟ್ಟರು.

“ಹಾಗಾದರೆ ನೆಟ್ಟಗೇ ಬರಿ,” ಎಂದರು. “ನನ್ನನ್ನೇನು ಕೇಳ್ತೀಯ.”